ಕಡಲ ಡೇಗೆಯ ಶಿಲ್ಪಿ

ಇಂಗ್ಲೆಂಡಿನ ವಿಂಡ್ಸರ್ ಪಟ್ಟಣಕ್ಕೂ ಈಟನ್ ಪಾಠಶಾಲೆಗೂ ನಡುವೆ ಥೇಮ್ಸ್ ನದಿಯೊಂದೇ ಅಡ್ಡ. ಈ ದಡದಲ್ಲಿ ಅರಸರ ಕೋಟೆ, ಅದರ ಮಗ್ಗುಲಿಗೆ ಕುಶಲಕರ್ಮಿಗಳ ಸಾಲುಮನೆಗಳು. ಆ ದಡದಲ್ಲಿ ಮುಂದೆ ಮಂತ್ರಿಗಳೂ ಸೇನಾಪತಿಗಳೂ ಆಗತಕ್ಕ ಸಿರಿವಂತರ ಮಕ್ಕಳು ಓದುವ ಶಾಲೆ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಈ ದಡದ ಬಡಗಿಯೊಬ್ಬನ ಮಕ್ಕಳು ಮರದ ಕಡ್ಡಿಗಳಿಂದ ಪುಟ್ಟ ವಿಮಾನಗಳನ್ನು ಮಾಡಿ ಈಟನ್ನಿನ ಒಂದು ಅಂಗಡಿಗೆ ಕೊಡುತ್ತಿದ್ದರು. ಅಂಗಡಿಯವನು ಕೊಡುವ ಬೆಲೆಗಿಂತ ವಿದ್ಯಾರ್ಥಿಗಳಿಗೆ ನೇರವಾಗಿ ಮಾರಿದರೆ ಲಾಭ ಹೆಚ್ಚೆಂಬುದು ಆ ಹುಡುಗರಿಗೆ ಬೇಗನೆ ಹೊಳೆಯಿತು. ಆದರೆ ಅಂಗಡಿಯವನಿಗೂ ತಿಳಿಯಬಾರದು, ಶಾಲೆಯ ಅಧಿಕಾರಿಗಳಿಗೂ ತಿಳಿಯಬಾರದು. ಆದ್ದರಿಂದ ಕತ್ತಲಾದ ಮೇಲೆ ವಿದ್ಯಾರ್ಥಿನಿಲಯದ ಕಿಟಕಿಯಿಂದ ಒಂದು ದಾರ ಕೆಳಗಿಳಿಯುವುದು. ಅದಕ್ಕೆ ಕಟ್ಟಿದ ವಿಮಾನ ಗೋಡೆಯುದ್ದಕ್ಕೂ ಮೇಲೇರುವುದು. ಆ ಹುಡುಗರಲ್ಲಿ ಹಿರಿಯವನೇ ಸಿಡ್ನಿ ಕ್ಯಾಮ್.

ಈ ಹೆಸರು ನಮ್ಮ ವಾಚಕರಲ್ಲಿ ಹಲವರಿಗೆ ಅಪರಿಚಿತವಾಗಿರಲಾರದು. ಹರಿಕೇನ್, ಹಂಟರ್ ವಿಮಾನಗಳ ಜೊತೆಗೆ ಅದು ಎಷ್ಟೋ ಸಾರಿ ಅಚ್ಚಾಗಿದೆ. ಆದರೆ ನಮ್ಮ ದೇಶದ ಚರಿತ್ರೆಯೊಡನೆ ಅತ್ಯಂತ ನಿಕಟವಾಗಿ ಬೆಸೆದುಕೊಂಡ ಆತನ ಕೃತಿ ಅವೆರಡೂ ಅಲ್ಲವೆಂದು ನನ್ನ ಅಭಿಪ್ರಾಯ. ಅದು ಸೀ ಹಾಕ್, ಅಂದರೆ ಕಡಲ ಡೇಗೆ. ಹಡಗಿನ ಮೇಲಿಂದ ಹಾರಿ ಹಡಗಿನ ಮೇಲೆಯೇ ಇಳಿಯುವ ಜೆಟ್ ಕಾದಾಳಿ ವಿಮಾನವದು. ಅದನ್ನು ಕಟ್ಟಿದವನ ಬಾಳನ್ನು ಅದರ ಬೆಳಕಿನಲ್ಲಿಯೇ ನೋಡಬೇಕೆಂದು ನನಗೆ ಬಹುದಿನಗಳಿಂದ ಆಸೆಯಿತ್ತು.

ಕ್ಯಾಮ್ ಹುಟ್ಟಿದ್ದು 1893ರ ಆಗಸ್ಟ್ 5ರಂದು. ತಂದೆ ಫ್ರೆಡರಿಕ್ ಕ್ಯಾಮ್‌ಗೆ ಹನ್ನೆರಡು ಮಕ್ಕಳು. ಸಿಡ್ನಿ ಚೊಚ್ಚಲ ಮಗ. ಹನ್ನೆರಡು ಮಕ್ಕಳ ಸಂಸಾರವನ್ನು ಉಳಿ ಬಾಚಿಗಳ ಸಂಪಾದನೆಯಿಂದ ಸಾಗಿಸುವ ಮನೆಯಲ್ಲಿ ಹಿರಿಯ ಮಗನ ಓದು ಎಲ್ಲಿಗೆ ನಿಲ್ಲುವುದೆಂದು ಬೇರೆ ಹೇಳಬೇಕಾಗಿಲ್ಲ. ಊರಿನ ಉಚಿತ ಶಾಲೆಯಲ್ಲಿ ವಿದ್ಯಾರ್ಥಿವೇತನ ಗಳಿಸಿದ ಜಾಣನಾದರೂ 1908ರಲ್ಲಿ, ಹದಿನೈದರ ವಯಸ್ಸಿಗೆ ಶಾಲೆ ಬಿಟ್ಟು ಬಡಗಿಯ ಕೆಲಸಕ್ಕೆ ಸೇರಿದ. ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ವಿದ್ಯಾರ್ಥಿಯಾಗಿ ಅವನು ಎಂದೂ ತುಳಿಯಲಿಲ್ಲ. ಗಣಿತವನ್ನೂ ಬಲವಿಜ್ಞಾನವನ್ನೂ ಬೇಕಾದಷ್ಟು ತಾನೇ ಕಲಿತುಕೊಂಡ. ತಮ್ಮಂದಿರಲ್ಲೊಬ್ಬನಾದ ಫ್ರೆಡರಿಕ್ ಜೇಮ್ಸ್ ಮುಂದೆ ರೇಡಿಯೋ ಮತ್ತು ಯಂತ್ರವಿದ್ಯೆಯ ಜನಪ್ರಿಯ ಪತ್ರಿಕೆಗಳ ಸಂಪಾದಕನಾಗಿ ಹೆಸರಾದ. ಕೈಯಿಂದ ಕಲಿಯುವುದು ಆ ಮನೆಯ ಗುಣವೆಂದು ತೋರುತ್ತದೆ. 1912ರಲ್ಲಿ ವಿಂಡ್ಸರಿನ ಮಾದರಿ ವಿಮಾನ ಸಂಘದ ಹುಡುಗರು ಸಿಡ್ನಿಯ ಮುಂದಾಳುತನದಲ್ಲಿ ಮನುಷ್ಯನನ್ನು ಹೊರಬಲ್ಲ ಒಂದು ಗ್ಲೈಡರನ್ನೇ ಕಟ್ಟಿಬಿಟ್ಟರು.

ಮೊದಲನೆಯ ಮಹಾಯುದ್ಧಕ್ಕೆ ತುಸು ಮುಂಚೆ ಅವನು ಬ್ರೂಕ್‌ಲ್ಯಾಂಡ್ಸ್‌ನಲ್ಲಿದ್ದ ಮಾರ್ಟಿನ್‌ಸೈಡ್ ಕಾರ್ಖಾನೆಯಲ್ಲಿ ಬಡಗಿಯಾಗಿ ಸೇರಿದ. ಅಂದಿನ ವಿಮಾನಗಳು ಮರದವು. ಆದ್ದರಿಂದ ಬಡಗಿಗೆ ಅಲ್ಲಿ ಕೆಲಸವಿತ್ತು. ಸ್ವಲ್ಪ ಕಾಲದಲ್ಲಿಯೇ ಉಳಿಯನ್ನು ಬಿಟ್ಟು ನಕ್ಷೆಯ ಮನೆಗೆ ಏರಿದ. ಯುದ್ಧ ಮುಗಿದು ಆ ಕಂಪನಿ ಮುಳುಗಿದ ಮೇಲೆ, 1923ರಲ್ಲಿ ಕಿಂಗ್‌ಸ್ಟನ್ನಿನ ಹಾಕರ್ ಕಂಪನಿಗೆ ಹಿರಿಯ ನಕ್ಷೆಗಾರನಾಗಿ ಬಂದ. ಎರಡು ವರ್ಷ ಕಳೆಯುವುದರೊಳಗೆ ಸಿಗ್ನೆಟ್ ಎಂಬ ಹಗುರವಾದ ಪುಟ್ಟ ವಿಮಾನದಿಂದ ಎಲ್ಲರ ಕಣ್ಣಿಗೂ ಬಿದ್ದು, 1925ರಲ್ಲಿ ಮುಖ್ಯ ವಿನ್ಯಾಸಕನಾದ. ಆಗ ಅವನಿಗೆ ಮೂವತ್ತೆರಡು ವರ್ಷ. ಅಲ್ಲಿಂದ ನಾಲ್ಕು ದಶಕಗಳ ಕಾಲ ಅದೇ ಕಂಪನಿ, ಅದೇ ಕೆಲಸ.

ಬಡಗಿಯ ಮಗ ಬಡಗಿತನಕ್ಕೆ ವಿದಾಯ ಹೇಳಿದ ರೀತಿಯನ್ನು ಇಲ್ಲಿ ನೆನೆಯಬೇಕು. ಅದೇ 1925ರಲ್ಲಿ ಫ್ರೆಡ್ ಸಿಗ್ರಿಸ್ಟ್ ಎಂಬ ಸಹೋದ್ಯೋಗಿಯೊಡನೆ ಸೇರಿ ಮರದ ಬದಲು ಲೋಹದ ಕೊಳವೆಗಳನ್ನು ಬೆಸುಗೆಯಿಲ್ಲದೆ ಜೋಡಿಸಿ ವಿಮಾನದ ಅಸ್ಥಿಪಂಜರವನ್ನು ಕಟ್ಟುವ ಕ್ರಮವನ್ನು ರೂಪಿಸಿದ. ತಟ್ಟಿ ಚಪ್ಪಟೆ ಮಾಡಿದ ಕೊಳವೆಯ ತುದಿಗಳನ್ನು ಫಲಕಗಳಿಗೆ ಬೋಲ್ಟು ಹಾಕಿ ಬಿಗಿಯುವುದು. ಕೆಟ್ಟರೆ ಆ ಒಂದು ಕೊಳವೆಯನ್ನು ಮಾತ್ರ ಬದಲಿಸುವುದು. ಮರಕ್ಕೆ ಮರ ಕೂಡಿಸುವವನ ಬುದ್ಧಿಯೇ ಲೋಹದಲ್ಲಿ ಕೆಲಸಮಾಡಿದಂತಿದೆ. ಈ ಕ್ರಮದಲ್ಲಿ ಹುಟ್ಟಿದ ಹಾರ್ಟ್ ಬಾಂಬರು 1928ರಲ್ಲಿ ಹಾರಿದಾಗ, ಅದನ್ನು ಬೆನ್ನಟ್ಟಬೇಕಾದ ಕಾದಾಳಿ ವಿಮಾನಗಳೇ ಅದಕ್ಕಿಂತ ನಿಧಾನವಾಗಿದ್ದವು! ಫ್ಯೂರಿ, ಡೀಮನ್, ಆಡಾಕ್ಸ್ ಎಂದು ಅದರ ಬಳಗ ಬೆಳೆದು ಬ್ರಿಟಿಷ್ ವಾಯುಪಡೆಯನ್ನೆಲ್ಲ ತುಂಬಿತು. ಹಾರ್ಟ್ ವಿಮಾನಗಳು ಭಾರತದ ವಾಯವ್ಯ ಗಡಿಗೂ ಬಂದವು.

1935ರ ನವೆಂಬರ್ 6ರಂದು ಹರಿಕೇನಿನ ಮೊದಲ ಹಾರಾಟ. ಅದರ ಕಥೆಯನ್ನು ಹಲವರು ಹೇಳಿದ್ದಾರೆ. ನಾನು ಹೆಚ್ಚು ಹೇಳುವುದಿಲ್ಲ. ಸರ್ಕಾರದ ಬೇಡಿಕೆ ಕೈಗೆ ಬರುವ ಮೊದಲೇ ಕಂಪನಿ ಸಾವಿರ ವಿಮಾನಗಳಿಗೆ ಸಿದ್ಧತೆ ನಡೆಸಿತ್ತು. ಆ ಧೈರ್ಯವಿರದಿದ್ದರೆ 1940ರ ಬೇಸಗೆಯಲ್ಲಿ ಇಂಗ್ಲೆಂಡಿನ ಗತಿ ಏನಾಗುತ್ತಿತ್ತೋ! ರೂಪವತಿಯಾದ ಸ್ಪಿಟ್‌ಫೈರಿಗೆ ಕೀರ್ತಿ ಹೋಯಿತು. ಆ ಕದನದಲ್ಲಿ ಜರ್ಮನ್ ವಿಮಾನಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೆಡವಿದುದು ಮಾತ್ರ ಬಟ್ಟೆ ಹೊದ್ದ ಬೆನ್ನಿನ ಈ ಹರಿಕೇನು. ಗುಂಡುಗಳು ಆ ಬಟ್ಟೆಯನ್ನು ತೂರಿಹೋದರೆ ತೇಪೆ ಹಾಕಿ ಮರುದಿನ ಹಾರಿಸಬಹುದಾಗಿತ್ತು. ಬರ್ಮಾ ಯುದ್ಧರಂಗದಲ್ಲಿ ನಮ್ಮ ವಾಯುಪಡೆಯ ತರುಣರೂ ಇದನ್ನೇ ಹಾರಿಸಿದರು. 1944ರಲ್ಲಿ ಇಂಫಾಲದ ಕಡೆ ಅರ್ಜನ್ ಸಿಂಗರು ನಡೆಸಿದ ದಳದ್ದೂ ಹರಿಕೇನುಗಳೇ.

ಕ್ಯಾಮ್‌ನ ವಿಮಾನಗಳಿಗೆ ಕಡಲಿನ ಸಂಬಂಧ ಒದಗಿದ್ದು ಒಂದು ದುರಂತದೊಡನೆ. 1940ರ ಜೂನ್ 7ರ ರಾತ್ರಿ, ನಾರ್ವೆಯಿಂದ ಹಿಂದೆಗೆಯುತ್ತಿದ್ದ 46ನೆಯ ದಳದ ಪೈಲಟುಗಳಿಗೆ ವಿಮಾನಗಳನ್ನು ಸುಟ್ಟುಬಿಡಿರೆಂಬ ಆಜ್ಞೆಗೆ ಬದಲಾಗಿ ಇನ್ನೊಂದು ದಾರಿ ತೋಚಿತು: ಅವನ್ನು ಗ್ಲೋರಿಯಸ್ ಎಂಬ ವಿಮಾನವಾಹಕ ನೌಕೆಯ ಮೇಲೆ ಇಳಿಸುವುದು. ಹರಿಕೇನಿಗೆ ಹಡಗಿನ ತಂತಿಯನ್ನು ಹಿಡಿಯುವ ಕೊಕ್ಕೆಯಿರಲಿಲ್ಲ. ಆ ಪೈಲಟುಗಳು ಎಂದೂ ಹಡಗಿನ ಮೇಲೆ ಇಳಿದವರಲ್ಲ. ಬ್ರೇಕು ಒತ್ತಿದಾಗ ಮೂತಿ ನೆಲಕ್ಕೆ ಕುಕ್ಕದಿರಲೆಂದು ಬಾಲದಲ್ಲಿ ಮರಳಿನ ಚೀಲಗಳನ್ನು ಇಟ್ಟುಕೊಂಡು ಎಲ್ಲರೂ ಸುರಕ್ಷಿತವಾಗಿ ಇಳಿದರು. ಮರುದಿನ ಮಧ್ಯಾಹ್ನ ಎರಡು ಜರ್ಮನ್ ಸಮರನೌಕೆಗಳು ಗ್ಲೋರಿಯಸನ್ನು ಮುಳುಗಿಸಿದವು. ಮೂರು ಹಡಗುಗಳಲ್ಲಿ ಸತ್ತವರು 1,500ಕ್ಕೂ ಹೆಚ್ಚು. ಹಡಗಿನಲ್ಲಿದ್ದ ಆ ದಳದ ಪೈಲಟುಗಳಲ್ಲಿ ಬದುಕಿ ಬಂದವರು ಇಬ್ಬರೇ. ಅದರೂ ನೆಲದ ಕಾದಾಳಿ ವಿಮಾನವೊಂದು ಕಡಲಿನಲ್ಲಿಯೂ ಬಾಳಬಲ್ಲುದೆಂಬುದು ಸಿದ್ಧವಾಯಿತು. ಮುಂದಿನ ವರ್ಷ ಸರಕು ಹಡಗುಗಳ ಮೂತಿಯಿಂದ ಹರಿಕೇನುಗಳನ್ನು ರಾಕೆಟ್ಟಿನ ಬಲದಿಂದ ಕವಣೆಕಲ್ಲಿನಂತೆ ಎಸೆಯಲಾಯಿತು. ಅವು ಮರಳಿ ಇಳಿಯಲು ತಾಣವಿರಲಿಲ್ಲ. ಕೆಲಸ ಮುಗಿದ ಮೇಲೆ ಪೈಲಟು ಹಡಗಿನ ಬಳಿ ಧುಮುಕಿ, ಯಾರಾದರೂ ಎತ್ತಿಕೊಳ್ಳುವರೆಂದು ತಣ್ಣೀರಿನಲ್ಲಿ ಕಾಯಬೇಕು.

ಯುದ್ಧಕಾಲದಲ್ಲಿ ಕ್ಯಾಮ್ ಎಡವಿದುದೂ ಉಂಟು. ಅವನ ಟೈಫೂನಿನ ರೆಕ್ಕೆ ತೀರ ದಪ್ಪ. ವೇಗ ಹೆಚ್ಚಿದಂತೆ ಗಾಳಿಯ ಪ್ರತಿರೋಧ ಲೆಕ್ಕಮೀರಿ ಏರಿತು. ಹಾರಾಟದ ಮಧ್ಯೆ ಬಾಲ ಮುರಿದು ಪೈಲಟುಗಳು ಸತ್ತರು. ತೆಳುರೆಕ್ಕೆಯ ಟೆಂಪೆಸ್ಟನ್ನು ಮಾಡಿ ಆತ ಉತ್ತರ ಕೊಟ್ಟನೆನ್ನಿ. ಅದರ ಸಂತತಿಯಾದ ಸೀ ಫ್ಯೂರಿ ನೌಕಾಪಡೆಯ ಪಂಕ ವಿಮಾನಗಳಲ್ಲಿ ಕೊನೆಯ ದೊಡ್ಡ ಹೆಸರು.

ಇನ್ನು ಕಡಲ ಡೇಗೆಯ ಹುಟ್ಟು. ಯುದ್ಧದ ಕೊನೆಯ ವೇಳೆಗೆ ಜೆಟ್ ಎಂಜಿನು ಬಂದಿತ್ತು. ಒಂದೇ ಎಂಜಿನಿನ ಜೆಟ್ ವಿಮಾನವನ್ನು ಕಟ್ಟುವವನಿಗೆ ಮೊದಲು ಎದುರಾಗುವ ತೊಡಕು ಒಂದುಂಟು. ಎಂಜಿನು ನಡುವಿನಲ್ಲಿದ್ದರೆ ಅದರ ಬಿಸಿಗಾಳಿ ಹೊರಬೀಳಲು ಬಾಲದ ತುದಿಯವರೆಗೆ ಉದ್ದನೆಯ ಕೊಳವೆ ಬೇಕು. ಉದ್ದವಾದಷ್ಟೂ ಅದರಲ್ಲಿ ಬಲ ಸೋರುತ್ತದೆ. ವಿಮಾನದ ಹಿಂಭಾಗವನ್ನೆಲ್ಲ ಅದೇ ನುಂಗಿ ಇಂಧನಕ್ಕೆ ಜಾಗವಿಲ್ಲದಾಗುತ್ತದೆ. ಕ್ಯಾಮ್ ಮತ್ತು ಅವನ ಸಂಗಡಿಗರು ಆ ಕೊಳವೆಯನ್ನು ಎರಡಾಗಿ ಕವಲೊಡೆಸಿ, ರೆಕ್ಕೆಯ ಬುಡದ ಹಿಂದೆ ಎಡಕ್ಕೊಂದು ಬಲಕ್ಕೊಂದು ಬಾಯಿಟ್ಟರು. ಗಾಳಿ ಒಳಬರುವ ಬಾಯಿಗಳೂ ರೆಕ್ಕೆಯ ಬುಡದಲ್ಲಿಯೇ. ಕೊಳವೆ ಗಿಡ್ಡವಾಯಿತು, ಹಿಂಭಾಗ ಖಾಲಿಯಾಗಿ ಅಲ್ಲಿ ಇನ್ನೊಂದು ಇಂಧನದ ತೊಟ್ಟಿ ಹಿಡಿಯಿತು, ಎಂಜಿನಿನ ಹಿಂದೆ ಮುಂದೆ ತೊಟ್ಟಿಗಳಿದ್ದುದರಿಂದ ಇಂಧನ ಕರಗುತ್ತ ಹೋದರೂ ತೂಕದ ಸಮತೋಲ ಕೆಡಲಿಲ್ಲ. ಒಂದು ಉಪಾಯದಿಂದ ಮೂರು ಪ್ರಯೋಜನ! ಗೋವೆಯ ಬೋಗ್ಮಾಲೋ ಬಳಿಯ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಈ ವಿಮಾನವನ್ನು ಕಂಡಾಗ ನಾನು ಮೊದಲು ಹುಡುಕಿದ್ದು ಈ ಎರಡು ಬಾಯಿಗಳನ್ನೇ. ಎಷ್ಟು ಸರಳವಾಗಿ, ಎಷ್ಟು ನಯವಾಗಿ ಅವು ಮೈಯೊಳಗೆ ಸೇರಿಕೊಂಡಿವೆಯೆಂದರೆ, ಕವಲೊಡೆಯದೆ ಬೇರೆ ರೀತಿ ಇರಬಹುದಾಗಿತ್ತೆಂಬ ಯೋಚನೆಯೇ ನೋಡುವವನಿಗೆ ಬಾರದು.

ಆದರೆ ವಾಯುಪಡೆ ಇದನ್ನು ಬೇಡವೆಂದಿತು. ತನ್ನಲ್ಲಿದ್ದ ಮೀಟಿಯರಿಗಿಂತ ಇದರ ವೇಗ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಕೈಹಿಡಿದದ್ದು ನೌಕಾಪಡೆ. ಮೊದಲ ಮಾದರಿ 1947ರ ಸೆಪ್ಟೆಂಬರ್ 2ರಂದು ಹಾರಿತು. ಒಂದು ವರ್ಷ ಕಳೆದು ಮರುದಿನ, ಮಡಿಚುವ ರೆಕ್ಕೆ, ಕೊಕ್ಕೆ, ನಾಲ್ಕು ಫಿರಂಗಿಗಳನ್ನುಳ್ಳ ನೌಕಾ ಮಾದರಿ ಹಾರಿತು. ಹಡಗಿನ ವಿಮಾನಕ್ಕೂ ನೆಲದ ವಿಮಾನಕ್ಕೂ ಭೇದ ರೆಕ್ಕೆ ಮಡಿಚುವುದರಲ್ಲಿ ಮಾತ್ರವಿಲ್ಲ. ನೆಲದ ಓಡುದಾರಿ ಮೈಲಿಯುದ್ದ, ನಿಶ್ಚಲ. ಹಡಗಿನ ಅಟ್ಟವೋ ಕೆಲವೇ ನೂರು ಅಡಿ, ಅದೂ ಅಲೆಯೊಡನೆ ಏಳುತ್ತ ಬೀಳುತ್ತ ಮುಂದೆ ಸರಿಯುತ್ತಿರುವುದು. ಗಂಟೆಗೆ ನೂರು ಮೈಲಿಗೂ ಮಿಕ್ಕಿದ ವೇಗದಲ್ಲಿ ಬಂದ ವಿಮಾನ ಕೊಕ್ಕೆಯಿಂದ ಉಕ್ಕಿನ ತಂತಿಯನ್ನು ಹಿಡಿದು ಕ್ಷಣಮಾತ್ರದಲ್ಲಿ ನಿಲ್ಲಬೇಕು. ಆ ಜಗ್ಗಿಗೆ ಬೆನ್ನೆಲುಬು ಮುರಿಯಬಾರದು, ಆ ಬೀಳಿಗೆ ಕಾಲು ಮುರಿಯಬಾರದು. ನಿಧಾನವಾಗಿ ಬರುವಾಗ ಕೈಮೀರಿ ಹೊರಳಲೂ ಬಾರದು. ಈ ಕೊನೆಯ ಗುಣವೇ ಕಷ್ಟಸಾಧ್ಯವಾದದ್ದು.

ಅಮೆರಿಕದವರೂ ರಷ್ಯದವರೂ ಹಿಂದಕ್ಕೆ ಬಾಗಿದ ರೆಕ್ಕೆಗಳ ಕಡೆಗೆ ತಿರುಗುತ್ತಿದ್ದ ಕಾಲವದು. ಕ್ಯಾಮ್ ಕಡಲ ಡೇಗೆಗೆ ನೇರ ರೆಕ್ಕೆಯನ್ನೇ ಉಳಿಸಿದ. ಇದರಿಂದ ಗಂಟೆಗೆ ಸುಮಾರು 600 ಮೈಲಿ ಎಂಬುದು ಅದರ ವೇಗದ ಮೇರೆಯಾಯಿತು. ಕೊರಿಯದ ಆಕಾಶದಲ್ಲಿ ಕಾಣಿಸಿಕೊಂಡ ಮಿಗ್-15ಕ್ಕೆ ಅದು ಸಾಟಿಯಾಗಲಿಲ್ಲ. ಇದನ್ನು ಆತನ ಹಳೆಗಾಲದ ಬುದ್ಧಿಯೆಂದು ಟೀಕಿಸಿದವರುಂಟು. ನನಗೆ ಹಾಗೆ ಹೇಳಲು ಮನಸ್ಸು ಬಾರದು. ಇದೇ ಮೈಗೆ ಬಾಗಿದ ರೆಕ್ಕೆ ಹಚ್ಚಿದ ಪ್ರಯೋಗ ವಿಮಾನಗಳನ್ನೂ ಆತ ಕಟ್ಟಿದ್ದ; ಅವುಗಳಲ್ಲೊಂದರಲ್ಲಿ 1951ರ ಏಪ್ರಿಲಿನಲ್ಲಿ ಕಂಪನಿಯ ಮುಖ್ಯ ಪೈಲಟು ಟ್ರೆವರ್ ವೇಡ್ ಮಡಿದ. ಹೊಸದನ್ನು ಅರಿಯದವನಲ್ಲ ಕ್ಯಾಮ್; ಹಡಗಿನ ಮೇಲೆ ಇಳಿಯಬೇಕಾದ ತರುಣನ ಕೈಗೆ ಅದನ್ನು ಕೊಡಲು ಅವಸರಪಡದವನು.

1953ರಲ್ಲಿ ಕಡಲ ಡೇಗೆ ಬ್ರಿಟಿಷ್ ನೌಕಾಪಡೆಯ ದಳವನ್ನು ಸೇರಿತು. ಹಾಕರ್ ಕಾರ್ಖಾನೆ ಹಂಟರಿನ ಕೆಲಸದಲ್ಲಿ ಮುಳುಗಿದ್ದುದರಿಂದ ಮೊದಲ ಕೆಲವನ್ನು ಬಿಟ್ಟು ಉಳಿದುವನ್ನೆಲ್ಲ ಕವೆಂಟ್ರಿಯ ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಕಟ್ಟಿತು. ಒಟ್ಟು 500ಕ್ಕೂ ಮಿಕ್ಕಿ. 1956ರಲ್ಲಿ ಸೂಯೆಜ್ ಮೇಲೆ ಅವು ದಾಳಿ ಮಾಡಿದವು. ಆ ಯುದ್ಧದ ನ್ಯಾಯಾನ್ಯಾಯವನ್ನು ಲೋಕ ಆಗಲೇ ತೀರ್ಮಾನಿಸಿತು. 1960ರ ವೇಳೆಗೆ ಬ್ರಿಟಿಷರ ಮುಂಚೂಣಿಯ ದಳಗಳಿಂದ ಅದು ನಿವೃತ್ತಿಯಾಯಿತು. ಸೇವೆ ಏಳೇ ವರ್ಷ. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ, ಏಕೆಂದರೆ ಅದೇ 1960ರ ಜುಲೈ 7ರಂದು ವೇಲ್ಸಿನ ಬ್ರಾಡಿ ವಿಮಾನ ನಿಲ್ದಾಣದಲ್ಲಿ ಭಾರತದ ನೌಕಾಪಡೆಯ 300ನೆಯ ದಳ, ಬಿಳಿ ಹುಲಿಗಳ ದಳ, ಈ ವಿಮಾನಗಳೊಡನೆ ಜನ್ಮ ತಾಳಿತು. ಯುದ್ಧ ಮುಗಿದ ಮೇಲೆ ಅರ್ಧ ಕಟ್ಟಿ ನಿಲ್ಲಿಸಿದ್ದ ಹರ್ಕ್ಯುಲಿಸ್ ಎಂಬ ಬ್ರಿಟಿಷ್ ಹಡಗನ್ನು ನಮ್ಮ ಸರ್ಕಾರ ಕೊಂಡು, ಬೆಲ್‌ಫಾಸ್ಟಿನಲ್ಲಿ ಓರೆ ಅಟ್ಟವನ್ನೂ ಉಗಿಯ ಕವಣೆಯನ್ನೂ ಹಾಕಿಸಿ ವಿಕ್ರಾಂತವೆಂದು ಹೆಸರಿಟ್ಟಿತ್ತು. 1961ರ ಮಾರ್ಚ್ 4ರಂದು ಅದು ನೌಕಾಪಡೆಗೆ ಸೇರಿತು. ಮೇ 18ರಂದು ಲೆಫ್ಟಿನೆಂಟ್ ತಹಿಲಿಯಾನಿ ತಮ್ಮ ಕಡಲ ಡೇಗೆಯನ್ನು ಅದರ ಮೇಲೆ ಇಳಿಸಿದರು. ವಿಕ್ರಾಂತದ ಮೇಲೆ ಇಳಿದ ಮೊದಲ ಜೆಟ್ ವಿಮಾನವದು. ಅವರು ಮುಂದೆ ನೌಕಾಪಡೆಯ ಮುಖ್ಯಾಧಿಪತಿಗಳಾದರು.

1965ರ ಯುದ್ಧದಲ್ಲಿ ವಿಕ್ರಾಂತ ದುರಸ್ತಿಯಲ್ಲಿತ್ತು. 1971ರಲ್ಲಿಯೂ ಅದರ ಆರೋಗ್ಯ ಸರಿಯಿರಲಿಲ್ಲ. ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟಿತ್ತು. ವಿಮಾನವಾಹಕಕ್ಕೆ ವೇಗವೆಂದರೆ ಬರಿಯ ಪ್ರಯಾಣದ ಸೌಕರ್ಯವಲ್ಲ. ಹಡಗು ಗಾಳಿಗೆ ಎದುರಾಗಿ ಓಡಿದಷ್ಟೂ ಅಟ್ಟದ ಮೇಲೆ ಗಾಳಿ ಬೀಸುತ್ತದೆ. ಆ ಗಾಳಿಯೇ ವಿಮಾನದ ರೆಕ್ಕೆಗೆ ಅರ್ಧ ಆಸರೆ. ಕುಂಟುವ ಹಡಗು, ಅದರ ತಯಾರಕರ ದೇಶ ಹನ್ನೊಂದು ವರ್ಷದ ಹಿಂದೆಯೇ ಬದಿಗಿಟ್ಟ ವಿಮಾನ: ಇವೆರಡನ್ನು ನಂಬಿ ನಮ್ಮವರು ಬಂಗಾಳ ಕೊಲ್ಲಿಗೆ ಹೊರಟರು. ವೇಗದ ರೆಕ್ಕೆಗಿಂತ ನಿಧಾನಕ್ಕೆ ಒಗ್ಗುವ ನೇರ ರೆಕ್ಕೆಯ ಬೆಲೆ ತಿಳಿಯುವುದು ಇಂಥ ಅಟ್ಟದ ಮೇಲೆ. ಡಿಸೆಂಬರ್ 4ರ ಬೆಳಿಗ್ಗೆ ಎಂಟು ಕಡಲ ಡೇಗೆಗಳು ಕಾಕ್ಸ್ ಬಜಾರಿನ ವಿಮಾನ ನಿಲ್ದಾಣದ ಮೇಲೆರಗಿದವು. ಮಧ್ಯಾಹ್ನ ಚಿತ್ತಗಾಂಗಿನ ಸರದಿ. ಅಲ್ಲಿಂದ ಮುಂದೆ ದಿನದಿನವೂ ಬಂದರುಗಳ ಮೇಲೂ ಹಡಗುಗಳ ಮೇಲೂ ಹೊಡೆದು, ಪೂರ್ವ ಪಾಕಿಸ್ತಾನದ ಸೇನೆಗೆ ಸಮುದ್ರದ ದಾರಿ ಮುಚ್ಚಿತು. ಕೆಲವಕ್ಕೆ ಗುಂಡು ತಗುಲಿದರೂ ಒಂದು ಕಡಲ ಡೇಗೆಯೂ ಕಳೆದುಹೋಗಲಿಲ್ಲ. ಕೊಲ್ಲುವ ಯಂತ್ರವನ್ನು ಹೊಗಳುವಾಗ ಲೇಖನಿ ತುಸು ತಡೆಯುವುದು ಸಹಜ. ಕೆಳಗೆ ಬಂದರಿನಲ್ಲಿದ್ದವರೂ ಮನುಷ್ಯರೇ. ಆದರೂ ಆ ಹದಿನೈದು ದಿನಗಳಲ್ಲಿ ನಮ್ಮ ಪೈಲಟುಗಳೆಲ್ಲ ಹಡಗಿಗೆ ಮರಳುವಂತಾದುದರಲ್ಲಿ, ಐದು ವರ್ಷದ ಹಿಂದೆ ಸತ್ತಿದ್ದ ವಿಂಡ್ಸರಿನ ಬಡಗಿಯ ಮಗನ ಪಾಲೂ ಇದೆಯೆಂದು ಬರೆಯದಿದ್ದರೆ ಅನ್ಯಾಯವಾದೀತು.

ಮನುಷ್ಯನಾಗಿ ಕ್ಯಾಮ್ ಮೃದುವಲ್ಲ. ನಕ್ಷೆಯ ಮನೆಯಲ್ಲಿ ಆತನ ಹೆಜ್ಜೆಯ ಸದ್ದಾದರೆ ತರುಣರ ಪೆನ್ಸಿಲು ನಡುಗುತ್ತಿತ್ತಂತೆ. ನಾಲಗೆ ಹರಿತ, ತಾಳ್ಮೆ ಕಡಿಮೆ. ಗೆರೆಯೊಂದು ಕಣ್ಣಿಗೆ ಒಪ್ಪದಿದ್ದರೆ ಲೆಕ್ಕ ಎಷ್ಟೇ ಸರಿಯಿದ್ದರೂ ಅಳಿಸಬೇಕು. ಆದರೆ ಬೈಸಿಕೊಂಡವರೇ ಮುಂದೆ ಆತನ ಶಿಷ್ಯರೆಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಪಟ್ಟರು. ನಮ್ಮ ಹಳೆಯ ಸಂಗೀತದ ಗುರುಗಳ ಮನೆಯ ವಾತಾವರಣವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

1951ರಲ್ಲಿ ಹಾರಿದ ಹಂಟರ್ ಆತನ ಕೀರ್ತಿಯ ಶಿಖರ. 1953ರಲ್ಲಿ ನೆವಿಲ್ ಡ್ಯೂಕ್ ಅದರಲ್ಲಿ ಗಂಟೆಗೆ 727 ಮೈಲಿ ಮೀರಿ ಹಾರಿ ಲೋಕದ ದಾಖಲೆ ಸ್ಥಾಪಿಸಿದ. ಅದೇ ವರ್ಷ ಕ್ಯಾಮ್‌ಗೆ ಸರ್ ಪದವಿ ಬಂದಿತು. ಮರು ವರ್ಷ ರಾಯಲ್ ಏರೊನಾಟಿಕಲ್ ಸೊಸೈಟಿಯ ಅಧ್ಯಕ್ಷತೆ. 1957ರಲ್ಲಿ ಮಾತ್ರ ಸಿಡಿಲೆರಗಿತು. ಇನ್ನು ಮುಂದೆ ಕ್ಷಿಪಣಿಗಳೇ ಸಾಕು, ಪೈಲಟು ಕೂರುವ ಹೊಸ ಕಾದಾಳಿ ವಿಮಾನಗಳು ಬೇಡವೆಂದು ಬ್ರಿಟಿಷ್ ಸರ್ಕಾರ ತೀರ್ಮಾನಿಸಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಆತ ಎಣಿಸಿದ್ದ ಹೊಸ ವಿಮಾನ ಅರ್ಧ ಕಟ್ಟಿದ ಸ್ಥಿತಿಯಲ್ಲಿಯೇ ನಿಂತಿತು. ಅರವತ್ತೈದಕ್ಕೆ ಹತ್ತಿರವಾದವನು ಅಲ್ಲಿಗೆ ಗೋಲ್ಫ್ ಕೋಲು ಹಿಡಿದು ಮನೆ ಸೇರಬಹುದಾಗಿತ್ತು.

ಸೇರಲಿಲ್ಲ. ಎಂಜಿನಿನ ಬಿಸಿಗಾಳಿಯನ್ನು ತಿರುಗುವ ನಾಲ್ಕು ಮೂತಿಗಳಿಂದ ಕೆಳಕ್ಕೆ ಹೊರಳಿಸಿ ನಿಂತ ನಿಲುವಿನಲ್ಲಿಯೇ ಮೇಲೇಳುವ ವಿಮಾನವೊಂದರ ಯೋಚನೆ ಆಗ ಬಂದಿತು. ಮೂಲ ಕಲ್ಪನೆ ಫ್ರಾನ್ಸಿನ ಮಿಷೆಲ್ ವಿಬೋನದು, ಎಂಜಿನು ಸ್ಟ್ಯಾನ್ಲಿ ಹುಕರನ ಬಳಗದ್ದು, ವಿಮಾನದ ರೂಪ ಕ್ಯಾಮ್‌ನ ನಕ್ಷೆಯ ಮನೆಯ ರಾಲ್ಫ್ ಹೂಪರನದು. ಆದ್ದರಿಂದ ಇದನ್ನು ಕ್ಯಾಮ್‌ನ ಕೃತಿಯೆನ್ನುವುದು ಪೂರ್ಣ ನಿಜವಲ್ಲ. ಆದರೆ ತರುಣರ ಆ ಹುಚ್ಚನ್ನು ಒಪ್ಪಿ, ಸರ್ಕಾರದ ಹಣವಿಲ್ಲದೆಯೇ ಕೆಲಸ ಹಿಡಿಸಿದ ಹಿರಿತನ ಆತನದು. ಮೇಲೆತ್ತಲು ಬೇರೆ, ಮುಂದೊಯ್ಯಲು ಬೇರೆ ಎಂಜಿನುಗಳನ್ನು ಹೇರದ ಅದರ ಸರಳತೆ ಆತನಿಗೆ ಹಿಡಿಸಿದ್ದರೆ ಆಶ್ಚರ್ಯವಿಲ್ಲ. ಕಡಲ ಡೇಗೆಯ ಕವಲು ಕೊಳವೆಯನ್ನು ಬಲ್ಲವನಿಗೆ ಈ ನಾಲ್ಕು ಮೂತಿಗಳು ದೂರದ ನೆಂಟರೇನಲ್ಲ. 1960ರ ಅಕ್ಟೋಬರಿನಲ್ಲಿ ಪೈಲಟು ಬಿಲ್ ಬೆಡ್‌ಫರ್ಡ್ ಕಾಲಿಗೆ ಪ್ಲಾಸ್ಟರು ಸುತ್ತಿಕೊಂಡೇ ಅದನ್ನು ಹಗ್ಗ ಕಟ್ಟಿದ ಕರುವಿನಂತೆ ನೆಲದಿಂದ ಮೇಲೆತ್ತಿದ. 1963ರ ಫೆಬ್ರವರಿ 8ರಂದು ಅದು ಆರ್ಕ್ ರಾಯಲ್ ಹಡಗಿನ ಮೇಲೆ, ತಂತಿಯ ಹಂಗೂ ಕೊಕ್ಕೆಯ ಹಂಗೂ ಇಲ್ಲದೆ, ನೇರವಾಗಿ ಇಳಿಯಿತು. ಇದರ ಕಡಲ ಸಂತತಿಯಾದ ಸೀ ಹ್ಯಾರಿಯರುಗಳು 1983ರ ಡಿಸೆಂಬರಿನಲ್ಲಿ ಗೋವೆಯ ದಾಬೋಲಿಮ್‌ಗೆ ಬಂದು, ಅದೇ ಬಿಳಿ ಹುಲಿಗಳ ದಳದಲ್ಲಿ ಕಡಲ ಡೇಗೆಗಳ ಸ್ಥಾನವನ್ನು ತುಂಬಿದವು, 2016ರವರೆಗೆ ಹಾರಿದವು.

ಕ್ಯಾಮ್ ಅದನ್ನೆಲ್ಲ ನೋಡಲಿಲ್ಲ. ಕೊನೆಯ ದಿನಗಳಲ್ಲಿ ಆತನ ತಲೆಯಲ್ಲಿದ್ದದ್ದು ಶಬ್ದದ ನಾಲ್ಕು ಪಟ್ಟು ವೇಗದಲ್ಲಿ ಹಾರುವ ಇನ್ನೊಂದು ವಿಮಾನ. 1966ರ ಮಾರ್ಚ್ 12ರಂದು ರಿಚ್‌ಮಂಡಿನ ಗೋಲ್ಫ್ ಮೈದಾನದಲ್ಲಿ ಆಡುತ್ತಿದ್ದಾಗಲೇ ಪ್ರಾಣ ಹೋಯಿತು. ಲಾಂಗ್ ಡಿಟ್ಟನ್ನಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಬ್ರಿಟಿಷ್ ವಾಯುಪಡೆಗೆಂದು ಸಿದ್ಧವಾದ ಮೊದಲ ಹ್ಯಾರಿಯರ್ ಅದೇ ವರ್ಷದ ಆಗಸ್ಟ್ 31ರಂದು ನೆಲ ಬಿಟ್ಟಿತು.